ಆರಕ್ಕೋ ಮೂರಕ್ಕೋ

ದರಿಬಡಚಿಯ ಜನ ಯಾವ ಮಾತನ್ನೂ ಒಂದೇ ಸಲ ಹೇಳಿ ಸುಮ್ಮನಾಗುವವರಲ್ಲ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಈ ಊರು ನನ್ನ ಹೆಂಡತಿಯ ತವರು. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ, ಅಂಗಡಿಯಲ್ಲಿ ಎರಡೂ. ಮದುವೆಯಾದ ಹೊಸತರಲ್ಲಿ ಅಲ್ಲಿಯ ಮಾತುಕತೆ ಕೇಳಿಯೇ ನನಗೆ ದಣಿವಾಗುತ್ತಿತ್ತು. ಅತ್ತೆಯವರು ಮೊಮ್ಮಗನನ್ನು ಅಂಗಡಿಗೆ ಕಳಿಸುವುದನ್ನೇ ನೋಡಿ: "ಎರಡ ಕಿಲೋ ಸಕ್ಕರಿ ತಗೊಂಡ ಬಾ. ದೋನ ಕಿಲೋ. ತಿಳೀತಿಲ್ಲೋ? ದೋನ." ಇಷ್ಟು ಹೇಳಿ ಎರಡು ಬೆರಳನ್ನೂ ಎತ್ತಿ ಅವನ ಮೂಗಿನ ಮುಂದೆ ಹಿಡಿಯುವರು. ಹುಡುಗನೇನು ಕಿವುಡನಲ್ಲ. ಆದರೂ ಅವನು ಓಣಿಯ ತಿರುವು ಮುಟ್ಟಿದ ಮೇಲೆ ಮತ್ತೊಮ್ಮೆ ಹೊಸ್ತಿಲಲ್ಲಿ ನಿಂತು ಕೂಗುವರು. ಬಾಯಿಗೂ ಮೀಟರು ಕೂಡಿಸಬೇಕು, ಆಗ ಇವರಿಗೆ ಬುದ್ಧಿ ಬರುತ್ತದೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ನಗು ಒಂದು ಏಪ್ರಿಲ್ ತಿಂಗಳಲ್ಲಿ ಇಳಿಯಿತು. ಮೈದುನನ ಮಗನ ಜವಳ ಇತ್ತು. ಹೆಂಡತಿ ಮೊದಲೇ ಹೋಗಿ ತವರಿನಲ್ಲಿ ಕೂತಿದ್ದಳು. ನಾನು ವಿಜಯಪುರದಿಂದ ಬಸ್ಸು ಹಿಡಿದು ಫಾಟಾದಲ್ಲಿ ಇಳಿಯುವುದು, ಅಲ್ಲಿಂದ ಮೈದುನ ತನ್ನ ಗಾಡಿಯ ಮೇಲೆ ಊರಿಗೆ ಕರೆದೊಯ್ಯುವುದು ಎಂದು ಠರಾವಾಗಿತ್ತು. ಹಿಂದಿನ ದಿನ ಅವನ ಫೋನು ಬಂತು. ಮಾತಾಡಲು ಅವನಿಗೆ ಸಿಕ್ಕ ಜಾಗ ಹಿಟ್ಟಿನ ಗಿರಣಿಯ ಬಾಗಿಲು. ಒಳಗೆ ಜೋಳ ಬೀಳುವ ಸದ್ದು, ಪಟ್ಟಾ ತಿರುಗುವ ಸದ್ದು, ಪಾಳಿಗಾಗಿ ಜಗಳಾಡುವ ಹೆಣ್ಣುಮಕ್ಕಳ ಸದ್ದು. ಇವೆಲ್ಲದರ ಸಂದಿಯಿಂದ "ಮಾಮಾ, ನಾಳೆ ಮೂರಕ್ಕ ಫಾಟಾಕ್ಕ ಬರ್ರಿ" ಎಂಬುದಿಷ್ಟು ನನ್ನ ಕಿವಿಗೆ ಬಿತ್ತು. ಬಿದ್ದದ್ದು ಮೂರು. ಅವನು ಎಸೆದದ್ದು ಆರು.

ಹೀಗಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂಸಿನ ಬೆಳ್ಳಿ ಉಡದಾರವನ್ನು ಕಿಸೆಯಲ್ಲಿಟ್ಟುಕೊಂಡು ನಾನು ಮೂರು ಗಂಟೆಯಿಂದ ಬೇವಿನ ಗಿಡದ ಕೆಳಗೆ ನಿಂತೆ. ಜತ್ತ ಸೀಮೆಯ ಬೇವಿನ ನೆರಳು ಏಪ್ರಿಲ್‌ನಲ್ಲಿ ನೆರಳೆಂದು ಕರೆಸಿಕೊಳ್ಳುತ್ತದೆ ಅಷ್ಟೆ. ಫೋನಿಗೆ ರೇಂಜ್ ಇಲ್ಲ. ಚಹಾದ ಅಂಗಡಿಯವ ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ, "ಯಾರ ಹಾದಿ ನೋಡಾಕತ್ತೀರಿ?" ಎಂದು ಕೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ. ಆಮೇಲೆ ಕನಿಕರಪಟ್ಟು ಕೇಳುವುದನ್ನೇ ಬಿಟ್ಟ. ನನ್ನ ಪಕ್ಕದಲ್ಲಿ ಒಂದು ಆಡು ಮಲಗಿತ್ತು. ಅದಕ್ಕೆ ಯಾರೂ ವೇಳೆ ಕೊಟ್ಟಿರಲಿಲ್ಲವಾದ್ದರಿಂದ ಅದು ಸುಖವಾಗಿತ್ತು.

ಇಂಥ ಹೊತ್ತಿನಲ್ಲಿ ದೇವರು ನೆನಪಾಗಬೇಕು. ಗುಡ್ಡಾಪುರದ ದಾನಮ್ಮ ದೇವಿ ಅದೇ ತಾಲೂಕಿನಲ್ಲಿದ್ದಾಳೆ, ನೆನೆದಿದ್ದರೆ ಪುಣ್ಯವಾದರೂ ಬರುತ್ತಿತ್ತು. ಆದರೆ ಆಯುಷ್ಯವೆಲ್ಲ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನ ತಲೆ ಸರಿಯಾದ ಹೊತ್ತಿಗೆ ಸರಿಯಾದವರನ್ನು ನೆನೆಯುವುದಿಲ್ಲ. ನನಗೆ ನೆನಪಾದವನು ಅಮೆರಿಕದ ಕ್ಲಾಡ್ ಶ್ಯಾನನ್.

ಈ ಶ್ಯಾನನ್ ಬೆಲ್ ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ಗಣಿತಜ್ಞ. 1948ರ ಜುಲೈ ಮತ್ತು ಅಕ್ಟೋಬರ್ ತಿಂಗಳ ಕಂಪನಿಯ ತಾಂತ್ರಿಕ ಪತ್ರಿಕೆಯಲ್ಲಿ, ಸುದ್ದಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಹೋಗುತ್ತದೆ ಎಂಬುದಕ್ಕೆ ಗಣಿತ ಕಟ್ಟಿ ಒಂದು ದೊಡ್ಡ ಲೇಖನ ಬರೆದ. ಅದೇ ವರ್ಷದ ಮಾರ್ಚಿನಲ್ಲಿ ಡಫಳೆಯವರ ಜತ್ತ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಿದ್ದು ಸಂಶಯ. ಮರುವರ್ಷ ವಾರೆನ್ ವೀವರ್ ಎಂಬ ಇನ್ನೊಬ್ಬ ಗಣಿತಜ್ಞ ಶ್ಯಾನನ್ನನ ಲೇಖನಕ್ಕೊಂದು ಸರಳ ವಿವರಣೆ ಜೋಡಿಸಿದ. ಎರಡೂ ಸೇರಿ ಪುಸ್ತಕವಾಗಿ ಹೊರಬಂದು, ತಂತಿಯ ಎಂಜಿನಿಯರುಗಳಿಗೆಂದು ಬರೆದದ್ದು ಮನುಷ್ಯರ ಮಾತುಕತೆಯ ಪಾಠವೂ ಆಗಿಹೋಯಿತು. ಇವತ್ತಿಗೂ ಪತ್ರಿಕೋದ್ಯಮ ಓದುವ ಹುಡುಗರು ಮೊದಲ ವರ್ಷ ಈ ಇಬ್ಬರ ಚಿತ್ರ ಬರೆದೇ ಪಾಸಾಗುತ್ತಾರೆ.

ಚಿತ್ರ ಬಹಳ ಸುಲಭ. ಸಾಲಾಗಿ ಐದು ಪೆಟ್ಟಿಗೆ. ಸುದ್ದಿ ಹುಟ್ಟುವ ಮೂಲ, ಅದನ್ನು ಸಂಕೇತ ಮಾಡಿ ಕಳಿಸುವ ಯಂತ್ರ, ಸಂಕೇತ ಹೋಗುವ ಹಾದಿ, ಅದನ್ನು ಹಿಡಿದು ಬಿಡಿಸುವ ಯಂತ್ರ, ಕೊನೆಗೆ ಸುದ್ದಿ ಮುಟ್ಟಬೇಕಾದ ಠಾವು. ನಡುವಿನ ಹಾದಿಗೆ ಕೆಳಗಿನಿಂದ ಒಂದು ಬಾಣ ಬಂದು ಚುಚ್ಚುತ್ತದೆ. ಅದರ ಹೆಸರು ಗದ್ದಲ. ಶ್ಯಾನನ್ ಆ ಬಾಣ ಬರೆಯುವಾಗ ನಮ್ಮ ಮೈದುನನ ಗಿರಣಿಯನ್ನು ಕಂಡಿರಲಿಲ್ಲ, ಆದರೂ ಸರಿಯಾದ ಜಾಗಕ್ಕೇ ಚುಚ್ಚಿದ್ದಾನೆ.

ಮನುಷ್ಯ ರಸಿಕನೂ ಹೌದು. ಬೆಲ್ ಪ್ರಯೋಗಾಲಯದ ಓಣಿಯಂಥ ಪಡಸಾಲೆಗಳಲ್ಲಿ ಒಂದೇ ಗಾಲಿಯ ಸೈಕಲ್ಲು ಹೊಡೆಯುತ್ತ ಚೆಂಡು ತೂರಿ ಹಿಡಿಯುತ್ತಿದ್ದನಂತೆ. ಮಿಶಿಗನ್ ರಾಜ್ಯದ ಗೇಲಾರ್ಡ್ ಎಂಬ ಸಣ್ಣ ಊರಿನಲ್ಲಿ ಬೆಳೆದವ. ಹುಡುಗನಿದ್ದಾಗ ಅರ್ಧ ಮೈಲಿ ಆಚೆಯ ಗೆಳೆಯನ ಮನೆಗೆ ಹೊಲದ ಮುಳ್ಳುತಂತಿಯ ಬೇಲಿಯನ್ನೇ ತಂತಿ ಮಾಡಿಕೊಂಡು ಸಂದೇಶ ಕಳಿಸುತ್ತಿದ್ದ. ದರಿಬಡಚಿಯಲ್ಲಿ ಹುಟ್ಟಿದ್ದರೆ ಈ ಸಿದ್ಧಾಂತ ಅವನಿಗೆ ಹೊಳೆಯುತ್ತಿತ್ತೋ ಇಲ್ಲವೋ. ಜಾಲಿಮುಳ್ಳಿನ ಬೇಲಿಯಲ್ಲಿ ಕರೆಂಟು ಹರಿಯುವುದಿಲ್ಲ.

ಸುದ್ದಿಯನ್ನು ಅಳೆಯುವುದಕ್ಕೂ ಅವನು ಒಂದು ಮಾಪು ಕೊಟ್ಟ. ಅದರ ಹೆಸರು ಬಿಟ್. ಹೆಸರನ್ನು ಸೂಚಿಸಿದವನು ಜಾನ್ ಟುಕಿ ಎಂಬ ಜೊತೆಗಾರ. ನಾಣ್ಯ ಚಿಮ್ಮಿ ತಲೆಯೋ ಹೂವೋ ಎಂದು ಹೇಳಿದರೆ ಒಂದು ಬಿಟ್ ಸುದ್ದಿ ಕೊಟ್ಟಂತೆ. ಕೇಳುವವನಿಗೆ ಎಷ್ಟು ಅನಿರೀಕ್ಷಿತವೋ ಸುದ್ದಿ ಅಷ್ಟು ತೂಕದ್ದು. ಏಪ್ರಿಲ್‌ನಲ್ಲಿ ಅತ್ತೆಯವರು ಫೋನು ಮಾಡಿ "ಬಿಸಲ ಭಾಳ ಐತ್ರಿ" ಎಂದರೆ ಶ್ಯಾನನ್ನನ ತಕ್ಕಡಿಯಲ್ಲಿ ಅದು ಸೊನ್ನೆಯ ಹತ್ತಿರ. ಅದೇ ಏಪ್ರಿಲ್‌ನಲ್ಲಿ "ಮಳಿ ಬಂತ್ರಿ" ಎಂದರೆ ತಕ್ಕಡಿಯ ಪರಡಿ ನೆಲ ಬಡಿಯುತ್ತದೆ. ಮಳೆಗಾಲದಲ್ಲಿಯೂ ಆ ಸೀಮೆಯಲ್ಲಿ ಎರಡನೆಯ ಸುದ್ದಿಯ ತೂಕ ಅಷ್ಟೇನೂ ಕಡಿಮೆಯಾಗುವುದಿಲ್ಲ.

ಇಲ್ಲಿಯವರೆಗೆ ಕೇಳಿದರೆ ಶ್ಯಾನನ್ ನನ್ನ ಪಕ್ಷದವನು, ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ಹೇಳುವ ನಮ್ಮ ಅತ್ತೆಯವರ ವಿರುದ್ಧ ಸಾಕ್ಷಿ ಎನಿಸುತ್ತದೆ. ನಾನೂ ಹಾಗೇ ತಿಳಿದಿದ್ದೆ. ಬೇವಿನ ಗಿಡದ ಕೆಳಗೆ ನಿಂತಾಗ ಅವನ ಲೇಖನದ ಉಳಿದರ್ಧ ನೆನಪಾಯಿತು. ಇಂಗ್ಲಿಷ್ ಬರವಣಿಗೆಯನ್ನು ಅವನು ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ಸುಮಾರು ಅರ್ಧದಷ್ಟು ಹೆಚ್ಚಿನದೇ! ಬರೆಯುವವನ ಇಚ್ಛೆಗೆ ಉಳಿಯುವುದು ಇನ್ನರ್ಧ ಮಾತ್ರ, ಮಿಕ್ಕದ್ದನ್ನು ಭಾಷೆಯೇ ಬರೆಸಿಕೊಳ್ಳುತ್ತದೆ. ಮುಂದೆ 1951ರಲ್ಲಿ ಓದುಗರಿಗೆ ಒಂದು ವಾಕ್ಯದ ಮುಂದಿನ ಅಕ್ಷರ ಯಾವುದೆಂದು ಊಹಿಸಲು ಹೇಳಿ ಇದನ್ನು ಇನ್ನೊಂದು ದಾರಿಯಿಂದಲೂ ತೋರಿಸಿದ. ಜನ ಬಹಳಷ್ಟು ಸಲ ಸರಿಯಾಗಿಯೇ ಊಹಿಸುತ್ತಾರೆ. ಈ ಹೆಚ್ಚುವರಿ ಮಾಲನ್ನು ಕಿತ್ತೆಸೆದರೆ ತಂತಿಯ ಖರ್ಚು ಉಳಿಯುತ್ತದೆ, ನಿಜ. ಆದರೆ ಹಾದಿಯಲ್ಲಿ ಗದ್ದಲವಿದ್ದರೆ ಸುದ್ದಿಯನ್ನು ಕಾಪಾಡುವುದು ಅದೇ ಮಾಲು. ಗದ್ದಲ ಎಷ್ಟೇ ಇರಲಿ, ಹಾದಿ ಪೂರ್ತಿ ಮುಚ್ಚಿಹೋಗದಿದ್ದರೆ, ತಕ್ಕಷ್ಟು ಹೆಚ್ಚುವರಿಯನ್ನು ಜಾಣತನದಿಂದ ಸೇರಿಸಿ ಸುದ್ದಿಯನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ ಮುಟ್ಟಿಸಬಹುದು ಎಂದು ಅವನು ಸಾಧಿಸಿ ತೋರಿಸಿದ.

ಅದೇ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬವನಿದ್ದ. ಶನಿವಾರ ಭಾನುವಾರಗಳಲ್ಲಿ ಯಾರೂ ಇಲ್ಲದಾಗ ತನ್ನ ಲೆಕ್ಕಗಳನ್ನು ಯಂತ್ರಕ್ಕೆ ಒಪ್ಪಿಸಿ ಮನೆಗೆ ಹೋಗುವನು. ಯಂತ್ರ ನಡುವೆ ಒಂದು ತಪ್ಪು ಕಂಡಿತೆಂದರೆ ಅವನ ಲೆಕ್ಕ ಬಿಟ್ಟು ಮುಂದಿನವರದ್ದಕ್ಕೆ ಹೋಗಿಬಿಡುತ್ತಿತ್ತು. ಸೋಮವಾರ ಬಂದು ನೋಡಿದರೆ ಬರಿಗೈ. ತಪ್ಪಾಗಿದೆ ಎಂದು ತಿಳಿಯುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಎಂದು ಹುಡುಕಿ ತಿದ್ದಲು ಏನು ಧಾಡಿ ಎಂದು ಅವನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ತಾನೇ ತಪ್ಪು ತಿದ್ದಿಕೊಳ್ಳುವ ಸಂಕೇತಗಳನ್ನು ಕಟ್ಟಿ 1950ರಲ್ಲಿ ಪ್ರಕಟಿಸಿದ. ಗುಟ್ಟು ಇಷ್ಟೆ: ಒಂದು ಸಂಕೇತ ಇನ್ನೊಂದರ ಹಾಗೆ ಕೇಳಿಸಬಾರದು. ಅವುಗಳ ನಡುವೆ ಸಾಕಷ್ಟು ಅಂತರವಿದ್ದರೆ ಒಂದೆರಡು ಕಡೆ ಕೆಟ್ಟರೂ ಯಾವುದು ಯಾವುದೆಂದು ಗುರುತು ಸಿಗುತ್ತದೆ.

ಈಗ ಮೂರನ್ನೂ ಆರನ್ನೂ ಬಾಯಿಬಿಟ್ಟು ಹೇಳಿ ನೋಡಿ. ಬಾಲ ಒಂದೇ, ತಲೆಯಷ್ಟೇ ಬೇರೆ. ನೂರೂ ಅದೇ ಕುಲದ್ದು. ಗಿರಣಿ ತಲೆಯೊಂದನ್ನು ತಿಂದರೆ ಉಳಿದದ್ದು ಯಾರದೋ ಗೊತ್ತಾಗುವುದಿಲ್ಲ. ಮರಾಠಿಯಲ್ಲಿ ಮೂರು ಎಂದರೆ ತೀನ, ಆರು ಎಂದರೆ ಸಹಾ. ಎತ್ತಣ ತೀನ, ಎತ್ತಣ ಸಹಾ! "ಆರಕ್ಕ ಬರ್ರಿ, ಸಹಾ ವಾಜತಾ" ಎಂದವನ ಮಾತನ್ನು ಕೆಡಿಸಲು ಗಿರಣಿ ಎರಡೂ ಕಡೆ ಸರಿಯಾಗಿ ಗುರಿಯಿಟ್ಟು ಹೊಡೆಯಬೇಕು. ಹಿಟ್ಟು ಬೀಸುವ ಯಂತ್ರಕ್ಕೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ನಮ್ಮ ಅತ್ತೆಯವರು ಸಕ್ಕರೆಗೆ ಕಳಿಸುವಾಗ ಕಟ್ಟುತ್ತಿದ್ದದ್ದು ಹ್ಯಾಮಿಂಗನ ಸಂಕೇತವನ್ನೇ. ಎತ್ತಿದ ಎರಡು ಬೆರಳು ಮೇಲಿಂದ ಮೇಲೆ ಹಾಕಿದ ಪಕ್ಕಾ ಗಂಟು.

ಹಾಗಾದರೆ ಅವರ ಹೊಟ್ಟೆಯಲ್ಲೇ ಹುಟ್ಟಿದ ಮೈದುನ ಯಾಕೆ ಒಂದೇ ಸಲ ಹೇಳಿದ? ಆರು ಗಂಟೆಗೆ ಗಾಡಿಯ ಮೇಲೆ ಬಂದಿಳಿದವನನ್ನು ಇದನ್ನೇ ಕೇಳಿದೆ. ಅವನು ನಾಚಿಕೊಂಡು, "ಅಲ್ರಿ ಮಾಮಾ, ನೀವು ಬಿಜಾಪುರದವ್ರು, ಕಾಲೇಜ ಮಾಸ್ತರ್ರು. ನಿಮ್ಮ ಮುಂದ ಮರಾಠಿ ಕಲಸಿ ಹೆಂಗ ಮಾತಾಡೂದ್ರಿ?" ಎಂದ. ಅಳಿಯನ ಮರ್ಯಾದೆಗೆಂದು ಮಾತನ್ನು ಸೋಸಿ ಶುದ್ಧ ಮಾಡಿದ್ದಾನೆ. ಸೋಸುವಾಗ ಸಹಾ ಹೊರಗೆ ಹೋಗಿದೆ. ಶುದ್ಧ ಕನ್ನಡದ ಮೇಲೆ ನನಗೂ ಅಭಿಮಾನವಿದೆ, ಆದರೆ ಫಾಟಾದಲ್ಲಿ ಮೂರು ತಾಸು ನಿಂತ ಮೇಲೆ ಅದು ಸ್ವಲ್ಪ ಸಡಿಲಾಗಿದೆ.

ಊರಲ್ಲಿ ದವಂಡಿ ಹಾಕುವವನನ್ನು ಗಮನಿಸಿದ್ದೇನೆ. ಓಣಿಯ ಮೂಲೆಗೆ ಬಂದು ಮೊದಲು ಹಲಗೆ ಬಡಿಯುತ್ತಾನೆ. ಆ ಬಡಿತದಲ್ಲಿ ಸುದ್ದಿ ಏನೂ ಇಲ್ಲ, ಕಿವಿಗಳನ್ನು ಎಬ್ಬಿಸುವುದಷ್ಟೆ ಅದರ ಕೆಲಸ. ನಾಯಿಗಳು ಬೊಗಳಿ ಮುಗಿಸುವವರೆಗೆ ಕಾಯುತ್ತಾನೆ. ಆಮೇಲೆ ನಾಳೆ ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ, ಎಲ್ಲಿಗೆ ಎಂದು ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಕೂಗಿ, ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಅದನ್ನೇ ಕೂಗುತ್ತಾನೆ. ಬೆಲ್ ಕಂಪನಿಯವರು ಅವನಿಗೆ ಪಗಾರ ಕೊಡಬೇಕಿತ್ತು. ಇದಕ್ಕೆ ತದ್ವಿರುದ್ಧ ನಮ್ಮ ತಂತಿ ಇಲಾಖೆ. ಶುಭಾಶಯಗಳಿಗೆಲ್ಲ ನಂಬರು ಹಚ್ಚಿ ಇಟ್ಟಿತ್ತು. ದೀಪಾವಳಿಗೆ ಒಂದು ನಂಬರು, ಮದುವೆಗೆ ಒಂದು ನಂಬರು, ಅಷ್ಟನ್ನೇ ಟಕಟಕಿಸಿದರೆ ಆಯಿತು. ಮಿತವ್ಯಯಕ್ಕೆ ಅದಕ್ಕಿಂತ ಮಿಗಿಲಿಲ್ಲ. ಆದರೆ ಹಾದಿಯಲ್ಲಿ ಒಂದು ಅಂಕಿ ಕೆಟ್ಟರೆ ಮದುಮಗನಿಗೆ ದೀಪಾವಳಿಯ ಶುಭಾಶಯ ಮುಟ್ಟುವ ಅಪಾಯ. 2013ರ ಜುಲೈನಲ್ಲಿ ಆ ಸೇವೆಯೇ ನಿಂತುಹೋಯಿತು. ದವಂಡಿ ಇನ್ನೂ ನಡೆದಿದೆ.

ಶ್ಯಾನನ್ನನ ಚಿತ್ರದಲ್ಲಿ ಒಂದು ಕೊರತೆಯನ್ನು ಮಾತ್ರ ನಮ್ಮ ಅಜ್ಜಿಯಂದಿರೂ ಹಿಡಿಯುತ್ತಿದ್ದರು. ಬಾಣಗಳೆಲ್ಲ ಒಂದೇ ಕಡೆಗೆ ಹೋಗುತ್ತವೆ. ಕಥೆ ಹೇಳುವವರ ಎದುರು 'ಹೂಂ' ಅನ್ನುವವರಿಗೆ ಅಲ್ಲಿ ಪೆಟ್ಟಿಗೆಯೇ ಇಲ್ಲ. ಹೂಂಗುಟ್ಟುವವರು ತೂಕಡಿಸಿದರೆ ನಮ್ಮ ಕಡೆ ರಾಜಕುಮಾರಿ ಏಳು ಸಮುದ್ರದ ಆಚೆಯೇ ಉಳಿಯುತ್ತಾಳೆ, ಕಥೆ ಮುಂದೆ ಸಾಗುವುದಿಲ್ಲ. 1954ರಲ್ಲಿ ವಿಲ್ಬರ್ ಶ್ರ್ಯಾಮ್ ಎಂಬ ವಿದ್ವಾಂಸ ಬಂದು ಈ ಮರುಬಾಣವನ್ನು ಬರೆದ. ಹೇಳುವವನ ಅನುಭವ, ಕೇಳುವವನ ಅನುಭವ ಎಲ್ಲಿಯಾದರೂ ಒಂದರ ಮೇಲೊಂದು ಬೀಳಬೇಕು, ಇಲ್ಲದಿದ್ದರೆ ಮಾತು ದಾಟುವುದಿಲ್ಲ ಎಂದೂ ಹೇಳಿದ.

ಅರ್ಥದ ಗೊಡವೆ ಎಂಜಿನಿಯರನಿಗೆ ಬೇಡ ಎಂದು ಶ್ಯಾನನ್ ಮೊದಲೇ ಕೈತೊಳೆದುಕೊಂಡಿದ್ದ. ವೀವರ್ ಅಷ್ಟು ನಿಷ್ಠುರನಲ್ಲ. ಅಕ್ಷರ ಸರಿಯಾಗಿ ಮುಟ್ಟಿತೇ ಎಂಬುದು ಮೊದಲ ಪ್ರಶ್ನೆ, ಅರ್ಥ ಮುಟ್ಟಿತೇ ಎಂಬುದು ಎರಡನೆಯದು, ಮುಟ್ಟಿದ್ದು ಕೆಲಸ ಮಾಡಿತೇ ಎಂಬುದು ಮೂರನೆಯದು ಎಂದು ಮೆಟ್ಟಿಲು ಮಾಡಿದ. ಅರ್ಥವನ್ನು ಕೆಡಿಸುವ ಗದ್ದಲಕ್ಕೂ ಚಿತ್ರದಲ್ಲಿ ಒಂದು ಪೆಟ್ಟಿಗೆ ಸೇರಿಸಬಹುದು ಎಂದ. ಆ ಪೆಟ್ಟಿಗೆ ಹೇಗಿರುತ್ತದೆಂದು ನೋಡಬೇಕಾದರೆ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಹೋಗಬೇಕು. ಪುಣೆಯ ಬಾಲಭಾರತಿಯವರು ಆ ಮಕ್ಕಳಿಗಾಗಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತಾರೆ, ಅದು ದೊಡ್ಡ ಮಾತು. ಆದರೆ 2024ರಲ್ಲಿ ಅಲ್ಲಿಯ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದರೆಂದು ಪತ್ರಿಕೆಗಳಲ್ಲಿ ಬಂತು. ಕನ್ನಡ ಬಾರದ ಮಾಸ್ತರರು ಒಳ್ಳೆಯವರೇ ಇರಬಹುದು. ಕೋಣೆ ಶಾಂತ, ಗಿರಣಿ ದೂರ, ದನಿ ಸ್ಪಷ್ಟ, ಐದೂ ಪೆಟ್ಟಿಗೆ ಜಾಗದಲ್ಲಿವೆ. ಮನೆಯ ಮಾತಿನ ಹೊರಗೆ ಇನ್ನೂ ಕಾಲಿಡದ ಒಂದನೇ ಇಯತ್ತೆಯ ಕೂಸು ಮಾತ್ರ ಕಣ್ಣು ಪಿಳಿಪಿಳಿ ಬಿಟ್ಟು ಕೂತಿರುತ್ತದೆ. 'ಹೂಂ' ಎನ್ನಲೂ ಅದಕ್ಕೆ ಜಾಗ ಸಿಗುವುದಿಲ್ಲ.

ನೇಮಣೂಕಿಯ ಕಾಗದಕ್ಕೆ ಸಹಿ ಹಾಕುವವರಲ್ಲಿ ನನ್ನದೊಂದು ಬಿನ್ನಹ. ಆ ಶಾಲೆಗಳಿಗೆ ಕನ್ನಡವೂ ಮರಾಠಿಯೂ ಬರುವ ಮಾಸ್ತರರನ್ನು ಕೊಡಿ. ಅಂಥವರನ್ನು ಹುಡುಕಿ ದೂರ ಹೋಗಬೇಕಾಗಿಲ್ಲ, ಆ ಸೀಮೆಯ ಯಾವ ಕಟ್ಟೆಯ ಮೇಲೆ ಕೂತರೂ ಸಿಗುತ್ತಾರೆ.