ಚೀಟಿ ತಲುಪಿತೇ?

ರಾಮಗಿರಿಯಲ್ಲಿ ಕುಳಿತ ಯಕ್ಷನು ಅಲಕಾಪುರಿಯ ಮಡದಿಗೆ ಮೋಡದ ಮೂಲಕ ವರ್ತಮಾನ ಕಳುಹಿಸಿದ ಕಥೆಯನ್ನು ಓದಿದವರೆಲ್ಲರೂ ಕಾಳಿದಾಸನ ಕಲ್ಪನೆಗೆ ತಲೆದೂಗುತ್ತಾರೆ. ನಾನಾದರೋ ಯಕ್ಷನ ವ್ಯವಹಾರಜ್ಞಾನಕ್ಕೆ ತಲೆದೂಗುತ್ತೇನೆ. ಮೋಡಕ್ಕೆ ಅಂಗಿಯಿಲ್ಲ, ಅಂಗಿಗೆ ಜೇಬಿಲ್ಲ, ಜೇಬಿಗೆ ತೂತಿಲ್ಲ. ದಾರಿಯಲ್ಲಿ ನೇರಳೆಯ ಮರ ಕಂಡರೆ ಹತ್ತಬೇಕೆಂಬ ಚಾಪಲ್ಯ ಅದಕ್ಕಿಲ್ಲ. ಅಲ್ಲಲ್ಲಿ ತಂಗಿ ಹೋಗಲು ಯಕ್ಷನೇ ಅಪ್ಪಣೆ ಕೊಟ್ಟಿದ್ದನಾದುದರಿಂದ ತಡವಾದರೂ ತಪ್ಪು ಅದರದಲ್ಲ. ಮೂವತ್ತೇಳು ವರ್ಷಗಳ ಕಾಲ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದು, ಶಾಲೆಯ ಸಮಾಚಾರವನ್ನು ಏಳೆಂಟು ವರ್ಷದ ದೂತರ ಮುಖಾಂತರ ಅವರವರ ಮನೆಗಳಿಗೆ ಮುಟ್ಟಿಸಲು ಹೆಣಗಿದ ನನ್ನಂಥವನಿಗೆ ಮೋಡವು ಅಸೂಯೆ ಹುಟ್ಟಿಸುವಷ್ಟು ವಿಶ್ವಾಸಾರ್ಹವಾದ ದೂತನಾಗಿ ಕಂಡರೆ ಆಶ್ಚರ್ಯವೇನು?

ನಾನಿದ್ದ ಊರು ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ಹಿನ್ನೀರಿನ ಆಚೆ ದಡದಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದ ಮೇಲೆ ನಮ್ಮ ಸೀಮೆಯು ಮೂರು ಪಾಲು ನೀರಿನಿಂದ ಆವೃತವಾಗಿ, ದ್ವೀಪವಲ್ಲದಿದ್ದರೂ ದ್ವೀಪವೆಂದು ಕರೆಸಿಕೊಳ್ಳುವ ಗೌರವಕ್ಕೆ ಪಾತ್ರವಾಗಿತ್ತು. 2025ರ ಜುಲೈ ತಿಂಗಳಲ್ಲಿ ಸೇತುವೆಯಾಗುವ ತನಕ ಹೊಳೆಬಾಗಿಲಿನಲ್ಲಿ ಬಸ್ಸು ಕೂಡ ಲಾಂಚಿನ ಮೇಲೇರಿ, ಪ್ರಯಾಣಿಕನಂತೆ ನಿಶ್ಚಲವಾಗಿ ನಿಂತುಕೊಂಡು ನೀರು ದಾಟಬೇಕಾಗಿತ್ತು. ಆ ಬಸ್ಸಿನಲ್ಲಿಯೇ ಶಿಕ್ಷಣಾಧಿಕಾರಿಗಳ ಸುತ್ತೋಲೆಯೂ ಬರುತ್ತಿತ್ತು. ಹಾಗೆ ನೀರು ದಾಟಿ ನನ್ನ ಮೇಜಿಗೆ ಬಂದ ಸುತ್ತೋಲೆ ಅಲ್ಲಿಂದ ಮನೆಗಳಿಗೆ ಹೋಗುವುದೆಂತು? ಬಯಲುಸೀಮೆಯ ಉಪಾಧ್ಯಾಯನಾದರೆ ಡಂಗುರ ಹೊಡೆಸಿ ನಿಶ್ಚಿಂತನಾಗಿರಬಹುದು. ನಮ್ಮ ಮಲೆನಾಡಿನಲ್ಲಿ ಊರೆಂದರೆ ಒಂದು ಗುಡ್ಡಕ್ಕೆ ಒಂದು ಮನೆ, ಎರಡು ಮನೆಗಳ ನಡುವೆ ಒಂದು ಅಡಕೆತೋಟ, ಒಂದು ಹಳ್ಳ, ಒಂದು ಸಂಕ, ನಾಲ್ಕು ದಣಪೆ, ಮಳೆಗಾಲವಾದರೆ ಅಸಂಖ್ಯಾತ ಉಂಬಳ. ಇಲ್ಲಿ ಡಂಗುರ ಹೊಡೆದರೆ ಮಂಗಗಳು ತೋಟ ಬಿಟ್ಟು ಓಡಬಹುದೇ ಹೊರತು ಪೋಷಕರಿಗೆ ಸುದ್ದಿ ಮುಟ್ಟುವಂತಿಲ್ಲ. ಆದುದರಿಂದ ಚೀಟಿಯೇ ಗತಿ, ಮಗುವೇ ಅಂಚೆ.

ಮೊದಮೊದಲು ನಾನು ಬಹಳ ಶ್ರದ್ಧೆಯಿಂದ ಚೀಟಿಗಳನ್ನು ಬರೆಯುತ್ತಿದ್ದೆ. ಒಂದು ಹಾಳೆಯನ್ನು ಎಂಟಾಗಿ ಮಡಚಿ, ಅಡಿಕೋಲು ಒತ್ತಿ ಹರಿದು, ಒಂದೊಂದರ ಮೇಲೂ 'ಮಾನ್ಯ ಪೋಷಕರೇ' ಎಂದು ದುಂಡಗೆ ಬರೆದು ಹಂಚುತ್ತಿದ್ದೆ. ಪಾಲಕರ ಸಭೆಗೆ ಮೂರು ಜನ ಬರುತ್ತಿದ್ದರು. ಅವರಲ್ಲಿಬ್ಬರು ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುತ್ತ ಆ ದಾರಿಯಾಗಿ ಬಂದವರು. ಉಳಿದ ಚೀಟಿಗಳು ಎಲ್ಲಿ ಹೋದವೆಂಬ ರಹಸ್ಯವು ಒಂದು ಆಷಾಢದ ಸಂಜೆ ಬಯಲಾಯಿತು. ಶಾಲೆಯ ಕೆಳಗಿನ ಹಳ್ಳದ ಸಂಕದ ಮೇಲೆ ನಿಂತು ನೋಡುತ್ತೇನೆ, ನನ್ನದೇ ಹಸ್ತಾಕ್ಷರದ ಹದಿನಾಲ್ಕು ದೋಣಿಗಳು ಸಾಲಾಗಿ ತೇಲಿ ಬರುತ್ತಿವೆ! ಮುಂದಿನ ದೋಣಿಯ ಮಗ್ಗುಲಲ್ಲಿ 'ತಪ್ಪದೆ ಹಾಜರಾಗಬೇಕಾಗಿ' ಎಂಬಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಹಳ್ಳ ಹಿನ್ನೀರಿಗೆ ಸೇರುತ್ತದೆ. ಹಿನ್ನೀರು ಲಿಂಗನಮಕ್ಕಿಯಿಂದ ತಳಕಳಲೆಗೆ, ಅಲ್ಲಿಂದ ಕೊಳವೆಗಳಲ್ಲಿ ಇಳಿದು ವಿದ್ಯುದಾಗಾರಕ್ಕೆ ಸೇರುತ್ತದೆ. ನನ್ನ ಶೈಕ್ಷಣಿಕ ವಿಜ್ಞಾಪನೆಗಳು ಪೋಷಕರ ಮನೆಯನ್ನು ಬೆಳಗದಿದ್ದರೂ ಬೆಂಗಳೂರಿನ ಯಾವುದೋ ಬೀದಿದೀಪವನ್ನಾದರೂ ಬೆಳಗಿರಬೇಕೆಂದು ನಾನು ಅಂದಿನಿಂದ ಸಮಾಧಾನ ತಂದುಕೊಂಡಿದ್ದೇನೆ.

ಇನ್ನು, ತಲುಪಿದ ಚೀಟಿಯು ತಲುಪದ ಚೀಟಿಗಿಂತ ಕ್ಷೇಮವೆಂದು ತಿಳಿಯತಕ್ಕದ್ದಲ್ಲ. ಇಲಾಖೆಯ ಕನ್ನಡಕ್ಕೆ ಒಂದು ಗಾಂಭೀರ್ಯವಿದೆ. ಒಮ್ಮೆ ಮೇಲಿನಿಂದ ಬಂದ ಒಕ್ಕಣೆಯನ್ನು ಒಂದಕ್ಷರವೂ ಬಿಡದೆ ನಕಲು ಮಾಡಿ, 'ಸದರಿ ಸಭೆಗೆ ಪೋಷಕರು ಕಡ್ಡಾಯವಾಗಿ ಖುದ್ದು ಹಾಜರಿರತಕ್ಕದ್ದು' ಎಂದು ಕಳುಹಿಸಿದೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಒಬ್ಬಾತ ಒಗೆದ ಪಂಚೆಯುಟ್ಟು, ಜೊತೆಗೆ ಊರ ಹಿರಿಯರೊಬ್ಬರನ್ನು ಕರೆದುಕೊಂಡು ಜಗಲಿಯ ಮೇಲೆ ಕುಳಿತಿದ್ದಾನೆ. ಕೈಯಲ್ಲಿ ಪಹಣಿ, ಕಂದಾಯದ ರಸೀದಿಗಳ ಕಟ್ಟು. "ಮಾಷ್ಟ್ರೇ, ಆ ಬೇಲಿ ಸರಿಸಿದ್ದು ನಾನಲ್ಲ, ನಮ್ಮ ಅಣ್ಣ," ಎಂದ. ಅವನಿಗೆ ಸಮಾಧಾನ ಹೇಳಿ, ಮಗನ ಗುಣಾಕಾರದ ವಿಷಯ ಮಾತಾಡುವುದಕ್ಕೆ ಕರೆದದ್ದೆಂದು ನಂಬಿಸಲು ಅರ್ಧ ಗಂಟೆ ಹಿಡಿಯಿತು; ಪೂರ್ತಿ ನಂಬಿದನೋ ಇಲ್ಲವೋ ಹೇಳಲಾರೆ, ಬೇಲಿಯಂತೂ ಆ ವಾರವೇ ಹಿಂದಕ್ಕೆ ಸರಿಯಿತೆಂದು ಕೇಳಿದೆ.

ಚೀಟಿಯ ಸಹವಾಸವೇ ಬೇಡವೆಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸುವ ಕ್ರಮವನ್ನು ಆರಂಭಿಸಿದ ಮೇಲೆ, ಮಕ್ಕಳು ಕೇವಲ ದೂತರಲ್ಲ, ಸಂಪಾದಕರೂ ಆಗಿದ್ದಾರೆಂಬುದು ನನಗೆ ಮನವರಿಕೆಯಾಯಿತು. ಪ್ರತಿವರ್ಷ ಫೆಬ್ರುವರಿ 10ರಂದು ಜಂತುಹುಳು ನಿವಾರಣೆಯ ದಿನವೆಂದು ಶಾಲೆಯಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಎಂಬ 400 ಮಿಲಿಗ್ರಾಂ ಮಾತ್ರೆಯನ್ನು ಕೊಡುವುದುಂಟು. ಅದನ್ನು ನುಂಗಬಾರದು, ಅಗಿದು ತಿನ್ನಬೇಕು. 2016ರಲ್ಲಿ, ಹಿಂದಿನ ದಿನ ಪ್ರಾರ್ಥನೆಯ ವೇಳೆಯಲ್ಲಿ ನಾನು ಮಕ್ಕಳನ್ನು ನಿಲ್ಲಿಸಿ, "ನಾಳೆ ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುತ್ತೇವೆ, ಎಲ್ಲರೂ ಚೆನ್ನಾಗಿ ಅಗಿದು ತಿನ್ನಬೇಕು, ಹಸಿದ ಹೊಟ್ಟೆಯಲ್ಲಿ ಬರಬಾರದು, ಮನೆಯಲ್ಲಿ ಹೇಳಿ," ಎಂದು ಮೂರು ಸಲ ಹೇಳಿದೆ, ಅವರಿಂದಲೂ ಹೇಳಿಸಿದೆ. ಒಪ್ಪವಾಗಿ ಒಪ್ಪಿಸಿದರು.

ಮರುದಿನ ಹತ್ತು ಗಂಟೆಗೆ ಗುಡ್ಡದ ಮೇಲಿನ ಮನೆಯ ಅಜ್ಜಿಯೊಬ್ಬರು ಮುಂದೆ, ಅವರ ಹಿಂದೆ ಏಳೆಂಟು ಹೆಂಗಸರು, ಅವರ ಹಿಂದೆ ಕೊನೆಗೌಡರ ಜೊತೆ ತೋಟದಲ್ಲಿರಬೇಕಾಗಿದ್ದ ಇಬ್ಬರು ಗಂಡಸರು ಶಾಲೆಯ ಅಂಗಳಕ್ಕೆ ಇಳಿದರು. ಅಜ್ಜಿಯ ಸೊಂಟದಲ್ಲಿ ಕವಳದ ಸಂಚಿ, ಕೈಯಲ್ಲಿ ಕೊಡೆ. ಫೆಬ್ರುವರಿಯಲ್ಲಿ ಕೊಡೆ ತಂದದ್ದು ಮಳೆಗಲ್ಲವೆಂಬುದು ನೋಡಿದೊಡನೆ ತಿಳಿಯುವಂತಿತ್ತು.

"ಎಂತ ಮಾಷ್ಟ್ರೇ, ಮಕ್ಕಳಿಗೆ ಹುಳ ತಿನ್ಸ್ತೀರಂತೆ?"

"ಯಾರು ಹೇಳಿದರು?"

"ನಮ್ಮ ಮೊಮ್ಮಗ. ಜಂತುಹುಳ ಕೊಡ್ತಾರೆ, ಅಗಿದು ತಿನ್ನಬೇಕಂತೆ, ಮಾಷ್ಟ್ರು ಮೂರು ಸಲ ಹೇಳಿದ್ರು ಅಂದ. ಸರ್ಕಾರ ಅನ್ನ ಕೊಡ್ತೀನಿ ಅಂತು, ಸುಮ್ಮನಿದ್ವಿ. ಹಾಲು ಕೊಡ್ತೀನಿ ಅಂತು, ಸುಮ್ಮನಿದ್ವಿ. ಹುಳ ಎಂತಕ್ಕೆ?"

ಪಾಪ, ಹುಡುಗ ನನ್ನ ಮಾತಿನಲ್ಲಿ ಕೈಬಿಟ್ಟದ್ದು 'ಮಾತ್ರೆ' ಎಂಬ ಒಂದೇ ಪದವನ್ನು. ಒಂದು ಪದದ ಲೋಪದಿಂದ ಶಾಸ್ತ್ರಾರ್ಥವೇ ಬುಡಮೇಲಾಗುವುದೆಂದು ಮೀಮಾಂಸಕರು ಹೆದರುತ್ತಿದ್ದುದು ವ್ಯರ್ಥವಲ್ಲ. ನಾನು ಡಬ್ಬಿಯನ್ನು ತೆರೆದು, ಮಾತ್ರೆಯನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಅಜ್ಜಿ ಅದನ್ನು ತಿರುವಿ, ಮೂಸಿ, ಬೆಳಕಿಗೆ ಹಿಡಿದು, ಒಳಗೆ ಹುಳವಿಲ್ಲವೆಂದು ಖಚಿತಪಡಿಸಿಕೊಂಡು, "ಹಂಗಾರೆ ನನಗೂ ಒಂದು ಕೊಡಿ," ಎಂದರು. ಇದು ಮಕ್ಕಳಿಗೆ ಮಾತ್ರವೆಂದರೆ ಅವರಿಗೆ ಬೇಸರವಾಯಿತು. ಇರಲಿ, ಆ ದಿನ ಅಂಗಳದಲ್ಲಿ ನೆರೆದಷ್ಟು ಪೋಷಕರನ್ನು ನಾನು ಯಾವ ಸಭೆಯಲ್ಲಿಯೂ ಕಂಡವನಲ್ಲ. ಸಮಯಪ್ರಜ್ಞೆಯನ್ನು ಮೆರೆದು ಅಲ್ಲಿಯೇ ಜಮಖಾನ ಹಾಸಿಸಿ, ಎರಡು ತಿಂಗಳಿನಿಂದ ಕೋರಂ ಇಲ್ಲದೆ ಬಿದ್ದಿದ್ದ ಶಾಲಾಭಿವೃದ್ಧಿ ಸಮಿತಿಯ ಸಭೆಯನ್ನೂ ಮುಗಿಸಿಬಿಟ್ಟೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೂ ಅರ್ಧದಷ್ಟು ಹೆಂಗಸರೂ ಇರಬೇಕೆಂಬುದು 2009ರ ಕಾಯಿದೆಯ ವಿಧಿ. ಆ ವಿಧಿಯು ಅಕ್ಷರಶಃ ನೆರವೇರಿದ್ದು ನನ್ನ ಸೇವಾವಧಿಯಲ್ಲಿ ಅದೊಂದೇ ದಿನ, ಹುಳುವಿನ ದೆಸೆಯಿಂದ. ಉಳಿದ ದಿನಗಳಲ್ಲಿ ನಡಾವಳಿ ಪುಸ್ತಕವೇ ಸದಸ್ಯರನ್ನು ಹುಡುಕಿಕೊಂಡು ತೋಟ, ಲಾಂಚಿನ ಕಟ್ಟೆ, ಮದುವೆಯ ಪಂಕ್ತಿಗಳಿಗೆ ಹೋಗಿ ಸಹಿ ಪಡೆದು ಬರುತ್ತಿತ್ತು. ಒಂದು ಪುಟದ ಮೇಲೆ ಈಗಲೂ ಹೋಳಿಗೆಯ ತುಪ್ಪದ ಕಲೆಯಿದೆ.

ಮಗುವಿನ ಓದಿನ ವಿಷಯ ಮನೆಯವರಿಗೆ ತಿಳಿಸುವುದು ಇದಕ್ಕಿಂತ ತೊಡಕು. ಹಿಂದೆ ಇದು ಸುಲಭವಿತ್ತು, ಎಷ್ಟನೆಯ ನಂಬರು ಎಂದರೆ ಮುಗಿಯಿತು. ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ನಾಡೆಲ್ಲ ಹಬ್ಬಿದ ನಲಿ-ಕಲಿ ಬಂದ ಮೇಲೆ ಕೆಳಗಿನ ತರಗತಿಗಳಲ್ಲಿ ನಂಬರೂ ಹೋಯಿತು, ಸಾಲಾಗಿ ಕೂರುವುದೂ ಹೋಯಿತು. ಮಕ್ಕಳು ಗುಂಪುಗುಂಪಾಗಿ ಕಾರ್ಡು ಹಿಡಿದು, ಗೋಡೆಯ ಮೇಲಿನ ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರುವರು. ಪದ್ಧತಿ ಒಳ್ಳೆಯದೇ. ಆದರೆ ಮರ ಹತ್ತಿ ಕೊನೆ ಕೊಯ್ಯುವ ವೃತ್ತಿಯ ಒಬ್ಬ ತಂದೆಗೆ, "ನಿಮ್ಮ ಮಗ ಏಣಿಯ ನಡುಮಧ್ಯದಲ್ಲಿ ನಿಂತುಬಿಟ್ಟಿದ್ದಾನೆ," ಎಂದು ನಾನು ಹೇಳಿದ್ದು ಅವಿವೇಕ. ಆತ ಬಿಳಿಚಿಕೊಂಡು, "ಅವನಿಗೆ ನಾನು ಮನೆಯಲ್ಲೇ ಹತ್ತಲು ಬಿಡುವುದಿಲ್ಲ, ನೀವು ಯಾಕೆ ಹತ್ತಿಸಿದಿರಿ?" ಎಂದು ತರಗತಿಯೊಳಕ್ಕೆ ಓಡಿದ.

ಕೈಗೆ ಫೋನು ಬಂದ ಮೇಲೆ ಈ ಸಂಕಟಗಳೆಲ್ಲ ತೀರಿದುವೆಂದು ನೀವು ಭಾವಿಸಿದರೆ ನಮ್ಮ ಊರಿನ ಸಿಗ್ನಲ್ಲನ್ನು ನೀವು ಕಂಡವರಲ್ಲ. ನಮ್ಮಲ್ಲಿ ವಾಟ್ಸ್ಆ್ಯಪ್ ಎಂಬುದು ಒಂದು ಗುಡ್ಡದ ತುದಿಯ ಬಂಡೆಯ ಮೇಲೆ ಮಾತ್ರ ಪ್ರತ್ಯಕ್ಷವಾಗುವ ದೇವತೆ. ಹೊಸದಾಗಿ ಬಂದ ಅಕ್ಕೋರು ಉತ್ಸಾಹದಿಂದ ಪೋಷಕರ ಗುಂಪು ಕಟ್ಟಿದರು. ಸೋಮವಾರ ಮಳೆಯ ನಿಮಿತ್ತ ಜಿಲ್ಲಾಧಿಕಾರಿಗಳು ಕೊಟ್ಟ ರಜೆಯ ವಾರ್ತೆ ಬುಧವಾರ ಯಾರಾದರೂ ಬಂಡೆ ಹತ್ತಿದಾಗ ಇಳಿಯುವುದು. ಅದೂ ಮೂವತ್ತು ಗುಲಾಬಿ ಹೂಗಳ ಶುಭೋದಯ, ಸಾಗರದ ಮಾರುಕಟ್ಟೆಯಲ್ಲಿ ರಾಶಿ ಅಡಕೆಯ ಧಾರಣೆ, ಯಾವುದೋ ಮೇಳದ ಆಟದ ಕರಪತ್ರ ಇವುಗಳ ನಡುವೆ ಉಸಿರುಗಟ್ಟಿ. ಬುಧವಾರ ಬಿಸಿಲು ಕಾಯುತ್ತಿದ್ದರೂ ಅರ್ಧ ಶಾಲೆ ಖಾಲಿ. ಸೋಮವಾರ ತೊಯ್ದು ತೊಪ್ಪೆಯಾಗಿ ಬಂದು ಕುಳಿತಿದ್ದವರೂ ಇವರೇ.

2020ರಲ್ಲಿ ಶಾಲೆ ಮುಚ್ಚಿ, ವಿದ್ಯಾಗಮವೆಂಬ ಹೆಸರಿನಲ್ಲಿ ನಾವೇ ಮಕ್ಕಳಿದ್ದಲ್ಲಿಗೆ ಹೋಗಬೇಕಾದಾಗ, ನಾನು ಗುಡ್ಡದ ಮೇಲಿನ ಅಜ್ಜಿಯ ಮನೆಯ ಜಗಲಿಯಲ್ಲಿ ಪಾಠ ಮಾಡುತ್ತಿದ್ದೆ. ಒಂದು ದಿನ ಕಣ್ಣೆತ್ತಿ ನೋಡಿದರೆ ಕಂಬದ ಮೊಳೆಗೆ ತೂಗುಹಾಕಿದ ತಂತಿಯೊಂದರಲ್ಲಿ, ಕರೆಂಟಿನ ಬಿಲ್ಲು, ರೇಷನ್ನಿನ ರಸೀದಿಗಳ ಜೊತೆಗೆ, ನನ್ನ ಚೀಟಿಗಳು! ಕೆಳಗಿನವು ಹೊಗೆಗೆ ಕಂದಿ ಕಾಫಿಯ ಬಣ್ಣಕ್ಕೆ ತಿರುಗಿದ್ದುವು. ಅಜ್ಜಿಯ ಮಗ ಓದುತ್ತಿದ್ದ ಕಾಲದಿಂದ ಮೊಮ್ಮಗನ ಕಾಲದ ತನಕ ಒಂದೂ ಬಿಡದೆ ಪೋಣಿಸಿದ್ದರು. ನನಗೆ ಕಣ್ಣು ತುಂಬಿ ಬಂತು.

"ಎಲ್ಲ ಓದಿಸಿ ಕೇಳಿದಿರಾ, ಅಮ್ಮಾ?"

"ಓದ್ಸದು ಎಂತಕ್ಕೆ? ನನಗೆ ಓದಕ್ಕೆ ಬರಲ್ಲ, ಮಗಂಗೆ ಪುರಸೊತ್ತಿಲ್ಲ. ಸರ್ಕಾರಿ ಕಾಗದ, ಒಗೆದ್ರೆ ನಾಳೆ ಎಂತಾದ್ರೂ ಆದೀತು ಅಂತ ಇಟ್ಟಿದ್ದು."

ಶಾಲೆಯ ವಾರ್ಷಿಕೋತ್ಸವಕ್ಕೆ ಮಾತ್ರ ಚೀಟಿಯ ಅಗತ್ಯವೇ ಬೀಳುತ್ತಿರಲಿಲ್ಲ. ನಾಟಕದಲ್ಲಿ ಮಾತಿಲ್ಲದೆ ಎರಡು ಗಂಟೆ ನಿಲ್ಲುವ ಮರದ ಪಾತ್ರವನ್ನು ಒಂದು ಮಗುವಿಗೆ ಕೊಟ್ಟರೆ ಸಾಕು, ಅದರ ಸೋದರಮಾವ ಹೊನ್ನಾವರದಿಂದ ಬರುತ್ತಿದ್ದ.

2022ರ ಜುಲೈ ಕೊನೆಯ ಶನಿವಾರ ನನಗೆ ಶಾಲೆಯಲ್ಲಿ ಬೀಳ್ಕೊಡುಗೆಯ ಸಮಾರಂಭ. ನನ್ನ ವಿಷಯವನ್ನು ನಾನೇ ಬರೆಯುವುದು ಶೋಭಿಸದೆಂದು ಅಕ್ಕೋರು ಚೀಟಿ ಬರೆದರು, ಗುಂಪಿಗೂ ಹಾಕಿದರು, ಬಾಯಲ್ಲಿಯೂ ಹೇಳಿ ಕಳುಹಿಸಿದರು. ಜಡಿಮಳೆ, ಸಂಕದ ಮೇಲೆ ಮೊಳಕಾಲುದ್ದ ನೀರು. ಯಾರೂ ಬರಲಾರರೆಂದುಕೊಂಡು, ನಾಲ್ಕು ಜನ ಶಿಕ್ಷಕರು, ಒಂದು ಹಾರ, ಒಂದು ಶಾಲು, ಇಷ್ಟರಲ್ಲಿ ಮುಗಿಸೋಣವೆಂದು ನಾನು ಕುರ್ಚಿಯಲ್ಲಿ ಕುಳಿತಿರುವಾಗಲೇ ಗುಡ್ಡದ ಕಡೆಯಿಂದ ಕಂಬಳಿಕೊಪ್ಪೆಗಳೂ ಕೊಡೆಗಳೂ ಇಳಿದು ಬರತೊಡಗಿದುವು. ಎಲ್ಲರ ಮುಂದೆ ಅದೇ ಅಜ್ಜಿ. ಒಂದು ಕೈಯಲ್ಲಿ ಎರಡು ಕೊಡೆ, ಇನ್ನೊಂದರಲ್ಲಿ ಬಿರಡೆ ಹಾಕಿದ ಎಣ್ಣೆಯ ಶೀಸೆ. ನೇರವಾಗಿ ನನ್ನ ಬಳಿಗೆ ಬಂದು, ಹಾರವನ್ನು ಬದಿಗೆ ಸರಿಸಿ, ನನ್ನ ಮಂಡಿಯನ್ನು ಒತ್ತಿ ನೋಡಿದರು.

"ಎಲ್ಲಿ ಬಿದ್ರಿ ಮಾಷ್ಟ್ರೇ? ಸಂಕದ ಮೇಲಾ?"

"ನಾನೆಲ್ಲಿಯೂ ಬೀಳಲಿಲ್ಲವಲ್ಲ!"

"ಮೊಮ್ಮಗಳು ಹೇಳಿದ್ಲು, ಮಾಷ್ಟ್ರು ಬಿದ್ದಾರೆ, ಕೊಡೆ ಬೇಕಂತೆ ಅಂತ."

ಎರಡನೆಯ ತರಗತಿಯ ಆ ಸಂಪಾದಕಿಯು ಅಜ್ಜಿಯ ಸೆರಗಿನ ಮರೆಯಿಂದ, ತಾನು ಒಪ್ಪಿಸಿದ್ದರಲ್ಲಿ ತಪ್ಪೇನೂ ಇಲ್ಲವೆಂಬ ಮುಖದಿಂದ ನನ್ನನ್ನು ನೋಡುತ್ತಿದ್ದಳು. ಬೀಳ್ಕೊಡುಗೆ ಎಂಬ ಪದದಲ್ಲಿ ಬೀಳುವುದೂ ಇದೆ, ಕೊಡೆಯೂ ಇದೆ; ಅವಳು ಮಾಡಿದ ಪದಚ್ಛೇದವನ್ನು ಯಾವ ವೈಯಾಕರಣನು ಅಲ್ಲಗಳೆದಾನು? ಅಂದು ಅಂಗಳ ತುಂಬಿತ್ತು. ಅರ್ಧ ಜನ ನನ್ನ ಕಾಲು ಮುರಿದಿದೆಯೆಂದೂ, ಉಳಿದರ್ಧ ಜನ ಸಾಗರದ ಆಸ್ಪತ್ರೆಗೆ ಲಾಂಚಿನಲ್ಲಿ ಸಾಗಿಸಲು ಆಳು ಬೇಕಾದೀತೆಂದೂ ಬಂದವರು. ಇಬ್ಬರು ತರುಣರು ಬಿದಿರಿನ ಗಳ, ಜಮಖಾನ ಸಹಿತ ಸಿದ್ಧರಾಗಿದ್ದರು. ಭಾಷಣಗಳು ಆದುವು, ಶಾಲು ಹೊದೆಸಿದರು, ಪಾಯಸದ ಊಟವೂ ಆಯಿತು. ಎಣ್ಣೆಯನ್ನು ಹಿಂದಕ್ಕೆ ಒಯ್ಯಲು ಅಜ್ಜಿ ಒಪ್ಪಲಿಲ್ಲ. "ಇವತ್ತಲ್ಲ ನಾಳೆ ಬೀಳ್ತೀರಿ, ಇಟ್ಕೊಳ್ಳಿ," ಎಂದರು.

ಹೋದ ವರ್ಷ ಬಚ್ಚಲಿನಲ್ಲಿ ಜಾರಿದೆ. ಶೀಸೆಯಲ್ಲಿ ಇನ್ನೂ ಎರಡು ಬೆರಳಿನಷ್ಟು ಎಣ್ಣೆ ಉಳಿದಿದೆ.