ಹದಿನಾರಾಣೆ ಎ.ಎನ್.ಎ. ಅವರಿಗೆ

ಮಾನ್ಯ ಎ.ಎನ್.ಎ. ಪರೀಕ್ಷೆಯವರೇ,

'ನಾವು ಕ್ಷೇಮ' ಎಂದು ಶುರುಮಾಡುವುದು ಪತ್ರದ ವಾಡಿಕೆ. ನಾನು ಕ್ಷೇಮವೋ ಅಲ್ಲವೋ ಎಂದು ಹೇಳುವ ಅಧಿಕಾರ ಈಗ ತಮ್ಮದಾದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ.

ನಾನು ಹೋಗಿದ್ದು ಮಂಡಿನೋವಿಗೆ. "ಬಿಡಿಬಿಡಿಯಾಗಿ ಮಾಡಿಸಿದ್ರೆ ದುಬಾರಿ ಸರ್, ಪ್ಯಾಕೇಜ್ ತಗೊಳ್ಳಿ" ಎಂದ ಲ್ಯಾಬಿನ ಹುಡುಗ. ಸೀರೆಯ ಜೊತೆ ರವಿಕೆ ಕಣ ಬಂದ ಹಾಗೆ ಸಕ್ಕರೆ, ಥೈರಾಯ್ಡ್‌ಗಳ ಜೊತೆ ತಾವೂ ಬಂದಿರಿ. ಸಂಜೆ ಮೊಬೈಲಿಗೆ ರಿಪೋರ್ಟು: ಪಾಸಿಟಿವ್, 1:80. ಅದೂ ದಪ್ಪಕ್ಷರದಲ್ಲಿ. ನನ್ನವಳು ಗೂಗಲ್ ನೋಡಿ, "ರೀ, ಲೂಪಸ್ ಅಂತಿದೆ, ದೇಹ ತನ್ನ ಮೇಲೇ ತಿರುಗಿಬೀಳೋ ರೋಗವಂತೆ, ಬಿಸಿಲಿಗೆ ಹೋಗ್ಬೇಡಿ" ಎಂದಳು. ಚಿಕ್ಕಮ್ಮ ನಂಜೆಂದು ಬದನೆಕಾಯಿ ಬಿಡಿಸಿದರು.

ತಮ್ಮ ಕೆಲಸದ ರೀತಿ ಆಮೇಲೆ ತಿಳಿಯಿತು. ನನ್ನ ದೇಹ ತನ್ನ ಕೋಶಗಳ ಮೇಲೆ ತಾನೇ ಕೈಮಾಡುತ್ತಿದೆಯೇ ಎಂದು ನೋಡಲು, ನನ್ನ ಸೀರಮ್ಮನ್ನು 80 ಪಟ್ಟು ತೆಳುಮಾಡಿ ತಾವು ಹನಿಸುವುದು ಹೆಪ್-2 ಎಂಬ ಬೇರೆಯವರ ಕೋಶಗಳ ಮೇಲೆ! ಗಂಟಲ ಕ್ಯಾನ್ಸರಿನವು ಎಂದು ಹೆಸರಾದ ಅವು, ಅಸಲಿಗೆ 1951ರಲ್ಲಿ ಬಾಲ್ಟಿಮೋರಿನಲ್ಲಿ ತೀರಿಕೊಂಡ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬಾಕೆಯ ಕೋಶಗಳ ಸಂತತಿ. ನನ್ನ ಪ್ರತಿಕಾಯ ಅಂಟಿ ಆ ತಾಯಿಯ ಕೋಶಕೇಂದ್ರದಲ್ಲಿ ಹಸಿರು ಮಿಂಚಿತೆಂದು ನಮ್ಮ ಮನೆಯಲ್ಲಿ ಎಣ್ಣೆಗಾಯಿ ನಿಂತಿತು.

1997ರಲ್ಲಿ ಹಲವು ಲ್ಯಾಬುಗಳು ಸೇರಿ ಆರೋಗ್ಯವಂತರ ಸೀರಮ್ಮನ್ನೇ ತಮ್ಮ ಮುಂದಿಟ್ಟಿದ್ದವಲ್ಲ, ನೆನಪಿದೆಯೇ? 1:40ರಲ್ಲಿ 100ಕ್ಕೆ ಸುಮಾರು 32 ಜನ ಸಿಕ್ಕಿಬಿದ್ದರು. 1:80ರಲ್ಲಿ 13. 1:160ಕ್ಕೆ ಹೋದರೂ ಐವರು ಬಿಡಿಸಿಕೊಳ್ಳಲಿಲ್ಲ. ಮದುವೆಯ ಪಂಕ್ತಿಯಲ್ಲಿ ನೂರು ಎಲೆ ಹಾಕಿದರೆ, ನನ್ನಂಥ ಹದಿಮೂರು ಮಂದಿ ಎರಡನೇ ಹೋಳಿಗೆ ಕೇಳುತ್ತ ಕೂತಿರುತ್ತಾರೆ.

ತಮ್ಮ ಮೂರಕ್ಷರವನ್ನು 'ಆಣೆ' ಎಂದು ಓದಿಕೊಂಡು ಹದಿನಾರಾಣೆ ನಿಜವೆಂದು ನಂಬಿದ್ದು ನನ್ನ ತಪ್ಪು. ತಮ್ಮ 'ಇಲ್ಲ'ಕ್ಕೆ ಬೆಲೆಯಿದೆ. ಲೂಪಸ್ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ತಾವು ಪಾಸಿಟಿವ್. ಆದ್ದರಿಂದ ತಾವು ಇಲ್ಲವೆಂದರೆ ವೈದ್ಯರು ಬೇರೆ ಕಾರಣ ಹುಡುಕುತ್ತಾರೆ. 'ಹೌದು' ಮಾತ್ರ, ಬೇಸರಿಸಬೇಡಿ, ನಾಲ್ಕಾಣೆ. ಲೂಪಸ್ಸಿನ 2019ರ ಮಾನದಂಡದಲ್ಲೂ 1:80 ಎಂಬುದು ಹೊಸ್ತಿಲಷ್ಟೇ. ಚರ್ಮ, ಕೀಲು, ಮೂತ್ರಪಿಂಡ, ರಕ್ತಕಣಗಳು ಒಳಗೆ ಬಂದು ಸಾಕ್ಷಿ ಹೇಳಬೇಕು.

ಕೀಲುವಾತದ ಡಾಕ್ಟರು ರಿಪೋರ್ಟನ್ನು ಮಗುಚಿಟ್ಟು ನನ್ನನ್ನೇ ಕೇಳಿದರು. ಬೆಳಿಗ್ಗೆ ಬೆರಳು ಎಷ್ಟು ಹೊತ್ತು ಬಿಗಿದಿರುತ್ತೆ? ಬಾಯಲ್ಲಿ ಹುಣ್ಣಾಗುತ್ತಾ? ಚಳಿಗೆ ಬೆರಳು ಬಿಳಿಚಿಕೊಳ್ಳುತ್ತಾ? ಕೂದಲು ಉದುರುತ್ತಾ? ಉದುರುವುದಕ್ಕೆ ಇನ್ನೇನು ಉಳಿದಿದೆ ಎಂದು ತಲೆ ತೋರಿಸಿದೆ. ನಕ್ಕು, "ಮಂಡಿ ಸವೆದಿದೆ, ಇದನ್ನ ಯಾರು ಮಾಡಿಸೋಕೆ ಹೇಳಿದ್ದು?" ಎಂದರು. ಯಾರೂ ಹೇಳಿರಲಿಲ್ಲ. ಪ್ರಶ್ನೆಯೇ ಇಲ್ಲದ ಕಡೆ ತಮ್ಮನ್ನು ಉತ್ತರ ಹೇಳಲು ಕಳಿಸಿದವರ ಮೇಲೆಯೇ ನನ್ನ ಕೋಪ, ತಮ್ಮ ಮೇಲಲ್ಲ.

ಮೂರು ತಿಂಗಳಲ್ಲಿ ಮತ್ತೆ ಮಾಡಿಸಿದರೆ ರಿಯಾಯಿತಿ ಎಂದು ಇವತ್ತು ಮೆಸೇಜು ಬಂದಿದೆ. ಜೊತೆಗೆ ತಮ್ಮ ದಾಯಾದಿ ಆರ್.ಎಫ್. (ರುಮಟಾಯ್ಡ್ ಫ್ಯಾಕ್ಟರ್) ಉಚಿತವಂತೆ. ಸಂಧಿವಾತದವರಲ್ಲದೆ ಕ್ಷಯ, ಹೆಪಟೈಟಿಸ್ ಸಿ ಇರುವವರಲ್ಲೂ, ಬರೀ ವಯಸ್ಸಾದವರಲ್ಲೂ ಇಣುಕುವ ಮಹಾಶಯರು. ಇಬ್ಬರೂ ಒಟ್ಟಿಗೆ ಬಂದರೆ ಚಿಕ್ಕಮ್ಮ ಆಲೂಗಡ್ಡೆಯನ್ನೂ ಬಿಡಿಸುತ್ತಾರೆ.

ಇಂತಿ,
ತಮ್ಮ 1:80