ಎಲ್‌ಟಿಸಿ ರಾಯರ ಪಂಚದಿನ ಯೋಜನೆ

ಕೆಲವರನ್ನು ಹಿಮಾಲಯ ಕೈಬೀಸಿ ಕರೆಯುತ್ತದಂತೆ. ಎಲ್‌ಟಿಸಿ ರಾಯರನ್ನು ಕರೆಯುವುದು ಬ್ಲಾಕ್ ಇಯರ್. ಬೆಂಗಳೂರಿನ ಯಾವ ಕೇಂದ್ರ ಸರ್ಕಾರಿ ಕಚೇರಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಲೆಕ್ಕಪತ್ರ ವಿಭಾಗವಾದರೆ ಇಬ್ಬರು. ರಜೆಯಲ್ಲಿ ಊರು ಸುತ್ತಲು ಸರ್ಕಾರ ಕೊಡುವ ಪ್ರಯಾಣ ರಿಯಾಯಿತಿಯೇ ಎಲ್‌ಟಿಸಿ. ಅದಕ್ಕೆ ನಾಲ್ಕು ವರ್ಷಕ್ಕೊಂದು ಬ್ಲಾಕು, ಅದರೊಳಗೆ ಎರಡೆರಡು ವರ್ಷದ ತುಂಡು. ತುಂಡು ಮುಗಿಯುವುದರೊಳಗೆ ಎಲ್ಲಿಗಾದರೂ ಹೋಗಿಬರಬೇಕು. ಹೋಗದಿದ್ದರೆ, ಸರ್ಕಾರ ಕೊಡುತ್ತೇನೆಂದ ದುಡ್ಡನ್ನು ಬೇಡವೆಂದ ಪಾಪ ಸುತ್ತಿಕೊಳ್ಳುತ್ತದೆ. ಈ ಪಾಪಕ್ಕೆ ಹೆದರಿಯೇ ರಾಯರು ಭಾರತವನ್ನು ಅರ್ಧ ನೋಡಿ ಮುಗಿಸಿದ್ದಾರೆ. ಅಂಡಮಾನ್ ಹೇಗಿತ್ತು ಎಂದು ಕೇಳಿದರೆ, ಯಾವ ಬ್ಲಾಕಿನಲ್ಲಿ ಹೋಗಿದ್ದು ಎಂಬುದನ್ನು ಮೊದಲು ನೆನಪಿಸಿಕೊಂಡು, ಸಮುದ್ರದ ವಿಷಯಕ್ಕೆ ಆಮೇಲೆ ಬರುತ್ತಾರೆ. ತಾಜ್‌ಮಹಲಿನ ಮುಂದೆ ತೆಗೆಸಿಕೊಂಡ ಫೋಟೊ ಕಳೆದುಹೋದರೆ ಚಿಂತೆಯಿಲ್ಲ. ಬೋರ್ಡಿಂಗ್ ಪಾಸ್ ಕಳೆದುಹೋದರೆ ಮನೆಯಲ್ಲಿ ಮೂರು ದಿನ ಸೂತಕ.

ಈ ಸಲ ಲಡಾಖ್. ಅದಕ್ಕೆ ಕಾರಣವುಂಟು. ಸ್ವಂತ ಊರಿಗೆ ಹೋಗುವ ಎಲ್‌ಟಿಸಿಯನ್ನು ಬಿಟ್ಟುಕೊಟ್ಟರೆ ಅದರ ಬದಲು ಈಶಾನ್ಯ ರಾಜ್ಯಗಳಿಗೋ ಅಂಡಮಾನಿಗೋ ಕಾಶ್ಮೀರಕ್ಕೋ ಲಡಾಖಿಗೋ ಹೋಗಬಹುದು. ವಿಮಾನದ ಅರ್ಹತೆಯಿಲ್ಲದ ಹುದ್ದೆಯವರೂ ದೆಹಲಿಯಿಂದ ಲೇಹ್‌ಗೆ ಹಾರಬಹುದು. ರಾಯರ ಸ್ವಂತ ಊರು ತಿಪಟೂರಿನ ಹತ್ತಿರ. ತಿಪಟೂರಿನ ರೈಲು ಚಾರ್ಜನ್ನೂ ಲೇಹ್‌ನ ವಿಮಾನದ ಚಾರ್ಜನ್ನೂ ಅಕ್ಕಪಕ್ಕ ಬರೆದು ನೋಡಿದ ಗಳಿಗೆಯಲ್ಲೇ ಅವರಿಗೆ ಪ್ರಕೃತಿಪ್ರೇಮ ಉಕ್ಕಿತು. ಜೊತೆಗೆ ಹತ್ತು ದಿನದ ಗಳಿಕೆ ರಜೆಯ ನಗದೀಕರಣ ಬೇರೆ. "ಜೀವನದಲ್ಲಿ ಒಂದು ಸಲ ಹಿಮಾಲಯ ನೋಡಬೇಕು ಕಣ್ರೀ" ಎಂದು ಕಾಂಪೌಂಡಿನಾಚೆಯಿಂದ ನನಗೆ ಹೇಳಿದಾಗ ಅವರ ಕಣ್ಣಲ್ಲಿ ನೀರಿತ್ತು.

ಆದರೆ ಸರ್ಕಾರ ಕೊಡುವುದು ದಾರಿಯ ಚಾರ್ಜು ಮಾತ್ರ. ಹೋಟೆಲು, ಊಟ, ಟ್ಯಾಕ್ಸಿ ಎಲ್ಲ ಕೈಯಿಂದ. ರಾಯರ ಪ್ರವಾಸಶಾಸ್ತ್ರದ ಮೂಲಸೂತ್ರ ಹುಟ್ಟುವುದೇ ಇಲ್ಲಿ: ದಿನಗಳು ಕಡಿಮೆ ಇರಬೇಕು, ದಿನದೊಳಗೆ ತುರುಕಿದ್ದು ಜಾಸ್ತಿ ಇರಬೇಕು. ದೆಹಲಿಯಲ್ಲಿದ್ದ ಯೋಜನಾ ಆಯೋಗವನ್ನು 2015ರಲ್ಲಿ ಮುಚ್ಚಿ ನೀತಿ ಆಯೋಗ ಮಾಡಿದರು. ಪಂಚವಾರ್ಷಿಕ ಯೋಜನೆಗಳೂ ನಿಂತವು. ನಮ್ಮ ಬೀದಿಯಲ್ಲಿ ಮಾತ್ರ ಪಂಚದಿನ ಯೋಜನೆ ಎಕ್ಸೆಲ್ ಹಾಳೆಯಾಗಿ ಅವತರಿಸಿತು.

ಮೊದಲನೆಯ ದಿನ ಬೆಳಗ್ಗೆ ವಿಮಾನ ಇಳಿದು, ಹೋಟೆಲಿನಲ್ಲಿ ಪೆಟ್ಟಿಗೆ ಎಸೆದು, ಹತ್ತಕ್ಕೆ ಶಾಂತಿ ಸ್ತೂಪ, ಹನ್ನೊಂದೂವರೆಗೆ ಒಂಬತ್ತು ಅಂತಸ್ತಿನ ಲೇಹ್ ಅರಮನೆ, ಮಧ್ಯಾಹ್ನ ಸೈನ್ಯದವರ ಹಾಲ್ ಆಫ್ ಫೇಮ್. ಎರಡನೆಯ ದಿನ ಖಾರ್ದುಂಗ್ ಲಾ ದಾಟಿ ನುಬ್ರಾ ಕಣಿವೆ; ದಿಸ್ಕಿತ್‌ನಲ್ಲಿ ಮೈತ್ರೇಯ ಬುದ್ಧ, ಹುಂಡರ್ ಮರಳಿನಲ್ಲಿ ಎರಡು ಡುಬ್ಬದ ಒಂಟೆ. ಮೂರನೆಯ ದಿನ ಅಲ್ಲಿಂದ ಪ್ಯಾಂಗಾಂಗ್ ಸರೋವರ. ನಾಲ್ಕನೆಯ ದಿನ ಚಾಂಗ್ ಲಾ ಏರಿ ಇಳಿದು, ದಾರಿಯಲ್ಲಿ ಹೆಮಿಸ್, ಥಿಕ್ಸೆ ಮಠಗಳು. ಐದನೆಯ ದಿನ ಸಿಂಧೂ-ಜಂಸ್ಕಾರ್ ಸಂಗಮ, ಪತ್ಥರ್ ಸಾಹಿಬ್ ಗುರುದ್ವಾರ, ಮತ್ತು ನ್ಯೂಟ್ರಲ್‌ನಲ್ಲಿ ಬಿಟ್ಟ ಗಾಡಿ ತಾನಾಗಿ ಏರಿದಂತೆ ಕಾಣುವ ಮ್ಯಾಗ್ನೆಟಿಕ್ ಹಿಲ್. ಕೊನೆಯದು ಬರೀ ಕಣ್ಣಿನ ಭ್ರಮೆ ಎಂದು ನಾನು ಹೇಳಿದೆ. "ಇರಬಹುದು. ಅಷ್ಟು ದೂರ ಡೀಸೆಲ್ ಉಳಿಯತ್ತೋ ಇಲ್ವೋ?" ಎಂದರು.

ಈ ಪಟ್ಟಿಯಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ಅಲ್ಲಿ ಮುಖ್ಯ ಕಾರ್ಯಕ್ರಮವೇ ಅದು ಎಂಬುದು ರಾಯರಿಗೆ ತಿಳಿದದ್ದು, ಬಿಪಿ ಮಾತ್ರೆ ಬರೆಸಿಕೊಳ್ಳಲು ಡಾಕ್ಟರ ಹತ್ತಿರ ಹೋದಾಗ.

ಡಾಕ್ಟರು ಹಾಳೆಯನ್ನು ಓದಿ, ರಾಯರ ಮುಖ ನೋಡಿ, ಮತ್ತೆ ಹಾಳೆ ನೋಡಿದರು. ದೆಹಲಿ ಇರುವುದು ಸಮುದ್ರಮಟ್ಟದಿಂದ ಸುಮಾರು 215 ಮೀಟರ್ ಎತ್ತರದಲ್ಲಿ. ಲೇಹ್ 3,500 ಮೀಟರ್. ವಿಮಾನ ಒಂದೂಕಾಲು, ಒಂದೂವರೆ ಗಂಟೆಯಲ್ಲಿ ನಿಮ್ಮನ್ನು ಮೇಲೆ ಇಳಿಸುತ್ತದೆ, ರಕ್ತಕ್ಕೆ ಆ ವಿಷಯ ಗೊತ್ತಾಗಲು ಎರಡು ಮೂರು ದಿನ ಬೇಕು. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಇಪ್ಪತ್ತೊಂದೇ ಶೇಕಡ. ಒತ್ತಡ ಕಡಿಮೆಯಾದ್ದರಿಂದ ಪ್ರತಿ ಉಸಿರಿನಲ್ಲಿ ಸಿಗುವುದು ಇಲ್ಲಿನ ಮೂರರಲ್ಲೆರಡು ಪಾಲಿನ ಆಸುಪಾಸು. ಖಾರ್ದುಂಗ್ ಲಾದಲ್ಲಿ ಸಮುದ್ರಮಟ್ಟದ ಅರ್ಧ. ತಲೆನೋವು, ವಾಕರಿಕೆ, ನಿದ್ದೆಗೇಡು ಸಾಮಾನ್ಯ. ಶ್ವಾಸಕೋಶಕ್ಕೋ ಮಿದುಳಿಗೋ ನೀರು ತುಂಬಿದರೆ ಪ್ರಾಣಕ್ಕೇ ಸಂಚಕಾರ, ಆಗ ಕೂಡಲೇ ಕೆಳಗಿಳಿಯಬೇಕು. ಆದ್ದರಿಂದ ಮೊದಲ ನಲವತ್ತೆಂಟು ಗಂಟೆ ಲೇಹ್‌ನಲ್ಲಿ ಏನೂ ಮಾಡದೆ ಬಿದ್ದುಕೊಂಡಿರಿ ಎಂದರು ಡಾಕ್ಟರು.

"ಏನೂ ಮಾಡದೆ ಅಂದ್ರೆ?"

"ಏನೂ ಮಾಡದೆ ಅಂದ್ರೆ ಏನೂ ಮಾಡದೆ, ರಾಯರೇ."

ಮೂವತ್ತು ವರ್ಷ ಸರ್ಕಾರಿ ಸೇವೆ ಮಾಡಿದವರಿಗೆ ಇದು ಹೊಸದಾಗಬಾರದಿತ್ತು ಎಂದು ಕಚೇರಿಯ ಕುಹಕಿಗಳು ಆಡಿಕೊಂಡರು. ಆದರೆ ಸ್ವಂತ ದುಡ್ಡಿನಲ್ಲಿ ಏನೂ ಮಾಡದಿರುವುದು ರಾಯರಿಗೆ ನಿಜಕ್ಕೂ ಹೊಸದು. ಐದರಲ್ಲಿ ಎರಡು ದಿನ ಹೋದರೆ ಶೇಕಡ ನಲವತ್ತು ನಷ್ಟ. ಅವರು ಸುಮ್ಮನೆ ಒಪ್ಪುವವರಲ್ಲ. ನಿಯಮ ಎಂದಮೇಲೆ ಅದಕ್ಕೊಂದು ಉಪನಿಯಮ ಇರಲೇಬೇಕು ಎಂಬುದು ಅವರ ಸೇವಾನುಭವ.

ಮೊದಲು ಹೂಡಿದ್ದು ಹೊಂದಾಣಿಕೆಯ ವಾದ. ಹುದ್ದೆಯ ಅರ್ಹತೆಯಂತೆ ದೆಹಲಿವರೆಗೆ ರೈಲು. ಬೆಂಗಳೂರಿನಿಂದ ಎರಡು ರಾತ್ರಿ. "ರೈಲಲ್ಲಿ ಹೇಗೂ ಮಲಗೇ ಇರ್ತೀವಿ. ಅದನ್ನೇ ವಿಶ್ರಾಂತಿ ಅಂತ ತೋರಿಸಿ, ಅಲ್ಲಿಗೆ ಕ್ಯಾರಿ ಫಾರ್ವರ್ಡ್ ಮಾಡಿದ್ರೆ?" ಸಮತಟ್ಟಿನಲ್ಲಿ ಮಲಗಿದ್ದು ಮೇಲೆ ಜಮಾ ಆಗುವುದಿಲ್ಲ ಎಂದರು ಡಾಕ್ಟರು.

ಎರಡನೆಯದು ಪೂರ್ವಾಭ್ಯಾಸದ ವಾದ. ನಂದಿಬೆಟ್ಟಕ್ಕೆ ನಾಲ್ಕು ಭಾನುವಾರ ಹೋಗಿಬಂದರೆ ಮೈ ಒಗ್ಗುತ್ತದಲ್ಲ? ನಂದಿ 1,478 ಮೀಟರ್. ಇಡೀ ಕರ್ನಾಟಕಕ್ಕೆ ಎತ್ತರವಾದ ಮುಳ್ಳಯ್ಯನಗಿರಿಯೇ 1,930. ಎತ್ತರದ ಈ ಕಾಯಿಲೆಯ ಸರಹದ್ದು ಶುರುವಾಗುವುದು 2,500ರಿಂದ. ಅಂದರೆ ನಮ್ಮ ರಾಜ್ಯದಲ್ಲಿ ಎಲ್ಲಿ ನಿಂತರೂ ಲಡಾಖಿನ ಅಭ್ಯಾಸ ಸಾಧ್ಯವಿಲ್ಲ. ಬೆಳಗಿನ ನಡಿಗೆ, ಯೋಗದ ಕ್ಲಾಸು, ಗಟ್ಟಿಮುಟ್ಟು ದೇಹ, ಯಾವುದಕ್ಕೂ ಈ ಕಾಯಿಲೆ ರಿಯಾಯಿತಿ ಕೊಡುವುದಿಲ್ಲ.

ಮೂರನೆಯ ವಾದದಲ್ಲಿ ರಾಯರ ಪ್ರತಿಭೆ ಪೂರ್ತಿ ಅರಳಿತು. ಮೂರು ಸಾವಿರ ಮೀಟರ್ ದಾಟಿದ ಮೇಲೆ, ಮಲಗುವ ಜಾಗ ರಾತ್ರಿಯಿಂದ ರಾತ್ರಿಗೆ ಐನೂರು ಮೀಟರಿಗಿಂತ ಹೆಚ್ಚು ಏರಬಾರದು ಎಂದು ಡಾಕ್ಟರು ಹೇಳಿದ್ದರು. ಪ್ಯಾಂಗಾಂಗ್ ಇರುವುದು 4,200 ಮೀಟರಿಗೂ ಮೇಲೆ. ರಾಯರು ರಾತ್ರಿಯೆಲ್ಲ ಯೋಚಿಸಿ ಬೆಳಗ್ಗೆ ಫೋನು ಹಚ್ಚಿದರು: "ಡಾಕ್ಟ್ರೇ, ನಿಯಮ ಇರೋದು ಮಲಗೋ ಎತ್ತರಕ್ಕೆ ತಾನೇ? ಮಲಗದೇ ಎದ್ದು ಕೂತಿದ್ರೆ ಅನ್ವಯ ಆಗತ್ತಾ?" ಆ ಕಡೆಯಿಂದ ಬಹಳ ಹೊತ್ತು ಉತ್ತರ ಬರಲಿಲ್ಲ.

ಕೊನೆಗೆ ಡಾಕ್ಟರು ಸಲ್ಫಾ ಅಲರ್ಜಿ ಇಲ್ಲವೆಂದು ಖಚಿತಮಾಡಿಕೊಂಡು ಅಸೆಟಜೋಲಮೈಡ್ ಮಾತ್ರೆ ಬರೆದುಕೊಟ್ಟರು. ಅದು ತಗೊಂಡರೆ ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ ಎಂದದ್ದೇ ತಡ, ಎಕ್ಸೆಲ್ ಹಾಳೆಗೆ ಹೊಸದೊಂದು ಕಾಲಮ್ಮು ಸೇರಿತು.

ಸಲಹೆ ಕೊಡುವವರಿಗೆ ನಮ್ಮಲ್ಲಿ ಬರಗಾಲವೇ? ರಾಯರ ತಮ್ಮನ ಮಗ ಮನಾಲಿಯಿಂದ ಬೈಕಿನಲ್ಲಿ ಹೋಗಿಬಂದವನು. "ಏನೂ ಆಗಲ್ಲ ದೊಡ್ಡಪ್ಪ, ಎಲ್ಲ ಮೈಂಡು" ಎಂದ. ದಾರಿಯಲ್ಲಿ ಸರ್ಚುವಿನ ಡೇರೆಯಲ್ಲಿ ರಾತ್ರಿಯಿಡೀ ತಲೆ ಹಿಡಿದುಕೊಂಡು ಕೂತಿದ್ದ ಸಂಗತಿಯನ್ನು ಅವನು ಸ್ಟೇಟಸ್‌ಗೆ ಹಾಕಿರಲಿಲ್ಲ. ರಾಯರ ಅಮ್ಮ ಕರ್ಪೂರದ ಡಬ್ಬಿ ಕೊಟ್ಟು, ಉಸಿರು ಕಟ್ಟಿದರೆ ಮೂಸು ಎಂದರು. ಕರ್ಪೂರದಿಂದ ಆಮ್ಲಜನಕ ಹೆಚ್ಚುವುದಿಲ್ಲವೆಂದು ವಾದಿಸಲು ಯಾರಿಗೂ ಧೈರ್ಯ ಬರಲಿಲ್ಲ. ಡಬ್ಬಿ ಪೆಟ್ಟಿಗೆ ಸೇರಿತು. ಕೋವಿಡ್ ಕಾಲದಲ್ಲಿ ಕೊಂಡು ಬೀರುವಿನಲ್ಲಿ ಮಲಗಿಸಿದ್ದ ಆಕ್ಸಿಮೀಟರ್ ಎದ್ದು ಬಂತು. ಮನೆಮಂದಿಯ ಬೆರಳೆಲ್ಲ ಅದರೊಳಗೆ ಹೋಗಿ, ತೊಂಬತ್ತೆಂಟು ಬಂದವರು ತೊಂಬತ್ತೇಳು ಬಂದವರನ್ನು ಕನಿಕರದಿಂದ ನೋಡಿದರು. ಅಲ್ಲಿ ಆರೋಗ್ಯವಂತರಿಗೂ ತೊಂಬತ್ತರ ಕೆಳಗೆ ಬರಬಹುದು ಎಂದು ಮೊದಲೇ ಎಚ್ಚರಿಸದೇ ಇದ್ದಿದ್ದರೆ ರಾಯರು ಲೇಹ್‌ನಲ್ಲಿ ಇಳಿದ ಕೂಡಲೇ ಉಯಿಲು ಬರೆಯುತ್ತಿದ್ದರು.

ತಿಂಡಿಯ ಖಾತೆಯೂ ಸಣ್ಣದಲ್ಲ. ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅನ್ನಕ್ಕೆ ಎರಡು ಸೇರು ಸೋನಾ ಮಸೂರಿ. ಮಗಳು ವಿಜ್ಞಾನ ಓದಿದವಳು. "ಅಪ್ಪಾ, ಅಲ್ಲಿ ನೀರು ಎಂಬತ್ತೆಂಟು ಡಿಗ್ರಿಗೇ ಕುದಿಯತ್ತೆ. ಕುಕ್ಕರ್ ಇಲ್ದೆ ಅನ್ನ ಸರಿಯಾಗಿ ಬೇಯಲ್ಲ" ಎಂದಳು. ಕುಕ್ಕರ್ ಪಟ್ಟಿಗೆ ಸೇರಿತು, ತೂಕದಲ್ಲಿ ಕಂಬಳಿ ಬಿದ್ದುಹೋಯಿತು. ಗಾಳಿ ತುಂಬಿದ ಚಿಪ್ಸ್ ಪೊಟ್ಟಣಗಳು ಮೇಲೆ ಹೋದಂತೆ ದಿಂಬಿನ ಹಾಗೆ ಉಬ್ಬುತ್ತವೆ ಎಂದೂ ಅವಳೇ ಹೇಳಿದಳು. ಅದೇ ದುಡ್ಡಿಗೆ ದೊಡ್ಡ ಪೊಟ್ಟಣ ಎಂದು ರಾಯರಿಗೆ ಒಂದು ಕ್ಷಣ ಸಂತೋಷವಾಗಿದ್ದು ಸುಳ್ಳಲ್ಲ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು ಎಂದು ತಿಳಿದಾಗ ಮಾತ್ರ ಮಗಳ ಮುಖ ಬಾಡಿತು. 'ತ್ರೀ ಈಡಿಯಟ್ಸ್' ಬಂದಮೇಲೆ ಪ್ಯಾಂಗಾಂಗ್ ದಂಡೆಯಲ್ಲಿ ಹಳದಿ ಸ್ಕೂಟರ್ ನಿಲ್ಲಿಸಿ ಫೋಟೊಕ್ಕೆ ದುಡ್ಡು ತಗೊಳ್ಳುತ್ತಾರಲ್ಲ, ಅದನ್ನು ಆ ಕ್ಷಣವೇ ಜಗತ್ತಿಗೆ ತೋರಿಸದಿದ್ದರೆ ಹೋಗಿ ಏನು ಫಲ?

ರಾಯರಿಗೆ ಬೇಕಾದ ಫೋಟೊ ಬೇರೆ. ಲೇಹ್‌ನಿಂದ ನಲವತ್ತು ಕಿಲೋಮೀಟರ್ ಮೇಲಿನ ಖಾರ್ದುಂಗ್ ಲಾ ಫಲಕ. ಅದರ ಮೇಲೆ ಬಹುಕಾಲ 18,380 ಅಡಿ ಎಂದಿತ್ತು. ಅಳೆದವರು ಕಂಡದ್ದು 5,359 ಮೀಟರ್, ಅಂದರೆ 17,582 ಅಡಿ. "ಏಳುನೂರ ತೊಂಬತ್ತೆಂಟು ಅಡಿ ವ್ಯತ್ಯಾಸ! ನಮ್ಮಲ್ಲಾಗಿದ್ರೆ ಆಡಿಟ್ ಪ್ಯಾರಾ ಆಗ್ತಿತ್ತು" ಎಂದು ಅವರು ಕೈ ಉಜ್ಜಿಕೊಂಡರು. ಟ್ಯಾಕ್ಸಿಯ ವಿಷಯದಲ್ಲಿ ಚೌಕಾಸಿಗೆ ಕೂತವರು, ಅಲ್ಲಿ ಯೂನಿಯನ್ನಿನ ಗೊತ್ತುಪಡಿಸಿದ ದರಪಟ್ಟಿ ಇದೆಯೆಂದು ಕೇಳಿ ಸುಮ್ಮನಾದರು. ಅಚ್ಚಾದ ದರಪಟ್ಟಿಯ ಮುಂದೆ ರಾಯರು ಎಂದೂ ತಲೆಯೆತ್ತಿದವರಲ್ಲ.

ಇಷ್ಟರಲ್ಲಿ ಬಾಯಿ ಬಿಡದೆ ಇದ್ದವರು ರಾಯರ ಮನೆಯವರು. ಅವರು ಕೇಳಿದ್ದು ಒಂದೇ. ದಿನಾ ಸ್ನಾನದ ಹೊತ್ತಿಗೆ ನೆನೆಯುವ ಏಳು ನದಿಗಳಲ್ಲಿ ಕಾವೇರಿಯ ಪಕ್ಕದ ಹೆಸರೇ ಸಿಂಧೂ. ಕಾವೇರಿ ಆಗಿದೆ, ಸಿಂಧೂ ಆಗಬೇಕು. ಲೇಹ್‌ನ ಪಕ್ಕದಲ್ಲೇ ಹರಿಯುವುದರಿಂದ ಅದು ಖರ್ಚಿಲ್ಲದ ಬೇಡಿಕೆ. ಆ ಹಿಮದ ನೀರಿನಲ್ಲಿ ಮುಳುಗಬೇಡಿ, ಪ್ರೋಕ್ಷಣೆ ಸಾಕು ಎಂದು ಡಾಕ್ಟರು ಷರಾ ಬರೆದರು. ಮಂಜೂರಾಯಿತು.

ಪರಿಷ್ಕೃತ ಯೋಜನೆ ಸಿದ್ಧವಾದ ಸಂಜೆ ನನ್ನನ್ನೂ ಕರೆದರು. ಡಾಕ್ಟರ ಮಾತಿಗೆ ತಲೆಬಾಗಿ ನುಬ್ರಾವನ್ನು ಕೈಬಿಟ್ಟಿದ್ದರು. ಮೊದಲೆರಡು ದಿನ ವಿಶ್ರಾಂತಿ. ಆದರೆ ಖಾಲಿ ಚೌಕವನ್ನು ಕಂಡರೆ ರಾಯರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಆದ್ದರಿಂದ ವಿಶ್ರಾಂತಿಯನ್ನೂ ವಿಂಗಡಿಸಿದ್ದರು: 9.00ರಿಂದ 9.45, ಬಲಮಗ್ಗುಲು. 9.45ರಿಂದ 10.00, ನೀರು. 10.00ರಿಂದ 10.45, ಎಡಮಗ್ಗುಲು. 10.45ಕ್ಕೆ ಆಕ್ಸಿಮೀಟರ್. 11.00ಕ್ಕೆ ಕಿಟಕಿಯಿಂದ ಪರ್ವತದರ್ಶನ, ಕುಳಿತೇ. 11.40ರಿಂದ ಮುಂದೆ ಅರ್ಧ ಗಂಟೆ ಬಫರ್.

ಮನೆಯವರು ಕನ್ನಡಕ ಹಾಕಿಕೊಂಡು ಎರಡೂ ದಿನದ ಸಾಲುಗಳನ್ನು ಓದಿದರು.

"ರೀ, ಇದರಲ್ಲಿ ನನ್ನ ಕೆಲಸ ಎಲ್ಲಿ ಬರೆದಿದೀರಿ?"

"ನಿನಗೇನೂ ಕೆಲಸ ಇಲ್ಲ ಕಣೇ. ನೀನೂ ಮಲಗಿರೋದು."

"ಮತ್ತೆ ಕಾಫಿ, ಅಡುಗೆ?"

"ಆ ಎರಡು ದಿನ ಎಲ್ಲಾ ಹೋಟೆಲ್‌ನವರೇ ರೂಮಿಗೆ ತಂದುಕೊಡ್ತಾರೆ. ಕುಕ್ಕರ್ ತೆಗೆಯೋದು ಮೂರನೇ ದಿನ."

"ಪಾತ್ರೆ, ಬಟ್ಟೆ?"

"ಬಗ್ಗಿ ಏಳೋದೂ ಕೂಡದು. ಡಾಕ್ಟ್ರ ಆರ್ಡರ್ರು."

ಮೂವತ್ತು ವರ್ಷದ ಸಂಸಾರದಲ್ಲಿ ಇಂಥದ್ದೊಂದು ಊರು ಭೂಮಿಯ ಮೇಲಿದೆಯೆಂದು ಯಾರೂ ಆಕೆಗೆ ಹೇಳಿರಲಿಲ್ಲ. ಹಾಳೆಯನ್ನು ಗಂಡನ ಕಡೆ ತಿರುಗಿಸಿ, "ಹಾಗಾದ್ರೆ ಆ ಕೆರೆ, ಮಠ ಎಲ್ಲ ಯಾಕ್ರೀ? ಸಿಂಧೂಗೆ ಒಂದು ಗಂಟೆ ಬಿಟ್ಟು ಐದೂ ದಿನಕ್ಕೆ ಇದನ್ನೇ ಹಾಕಿಬಿಡಿ" ಎಂದರು.

ರಾಯರು ಸಿಡಿಮಿಡಿಗೊಂಡು ಮೌಸ್ ಹಿಡಿದರು. ಆಕೆಯ ತಪ್ಪನ್ನು ಅಂಕಿಯಲ್ಲೇ ತೋರಿಸಲು ಟ್ಯಾಕ್ಸಿ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಸೊನ್ನೆ ಇಳಿಸಿ, ಒಟ್ಟು ಮೊತ್ತದ ಮೇಲೆ ಕಣ್ಣಾಡಿಸಿದರು. ಇನ್ನೊಮ್ಮೆ ಆಡಿಸಿದರು.

"ಹೇಗೂ ಬೋರ್ಡಿಂಗ್ ಪಾಸ್ ಅಂತೂ ಸಿಗತ್ತೆ" ಎಂದರು.